ಅಶ್ಮರೀ ರೋಗವೂ ಲೇಸರ್ ಚಿಕಿತ್ಸೆಯೂ

ಮೂತ್ರಮಾರ್ಗದ ಕಲ್ಲನ್ನು ಕತ್ತಿಯಿಲ್ಲದೆ, ಹೊಲಿಗೆಯಿಲ್ಲದೆ, ಲೇಸರ್ ಕಿರಣದಿಂದ ಪುಡಿಮಾಡಿ ಒಂದೆರಡು ದಿನಗಳಲ್ಲಿಯೇ ರೋಗಿಯನ್ನು ಮನೆಗೆ ಕಳುಹಿಸಲಾಗುವುದೆಂಬ ಜಾಹೀರಾತುಗಳು ಈಗ ನಮ್ಮ ನಗರಗಳಲ್ಲಿ ಎಲ್ಲೆಲ್ಲಿಯೂ ಕಣ್ಣಿಗೆ ಬೀಳುತ್ತವೆ. ಈ ಮಾತು ಸುಳ್ಳಲ್ಲ. ಹಿಂದಿನ ತಲೆಮಾರಿನವರು ಪಕ್ಕೆಯನ್ನು ಗೇಣುದ್ದ ಸೀಳಿಸಿಕೊಂಡು ತೆಗೆಯಿಸಿಕೊಳ್ಳಬೇಕಾಗಿದ್ದ ಕಲ್ಲನ್ನು ಇಂದು ಎರಡು ಮೂರು ಕೂದಲೆಳೆಗಳಷ್ಟು ದಪ್ಪದ ಗಾಜಿನ ತಂತುವೊಂದು ಒಳಹೊಕ್ಕು ಧೂಳಾಗಿಸುತ್ತದೆ. ವಿಜ್ಞಾನದ ಈ ವರವನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಜಾಹೀರಾತುಗಳಲ್ಲಿ ಕಾಣದ ಸಂಗತಿಯೊಂದುಂಟು. ಕಲ್ಲು ಪುಡಿಯಾದ ಮಾತ್ರಕ್ಕೆ ಚಿಕಿತ್ಸೆಯು ಮುಗಿಯುವುದಿಲ್ಲ. ಅನೇಕ ರೋಗಿಗಳ ದೇಹದೊಳಗೆ ಒಂದು ನಳಿಕೆಯನ್ನಿರಿಸಿ ಮನೆಗೆ ಕಳುಹಿಸಲಾಗುತ್ತದೆ. ಅದನ್ನು ಗೊತ್ತಾದ ಕಾಲದಲ್ಲಿ ತೆಗೆಯಿಸದೆ ಹೋದರೆ ಮೊದಲಿದ್ದ ಕಲ್ಲಿಗಿಂತಲೂ ಹೆಚ್ಚಿನ ಅನರ್ಥವು ಸಂಭವಿಸಬಹುದು. ಹಳ್ಳಿಗಾಡಿನ ಬಡವರ ಮಟ್ಟಿಗೆ ಈ ಸಂಗತಿಯೇ ಪ್ರಾಣದ ಪ್ರಶ್ನೆಯಾದುದರಿಂದ ಇದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೈಸೂರು ಜಿಲ್ಲೆಯ ಸಾಲಿಗ್ರಾಮವನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಪೂಜೆಯ ಕಲ್ಲಿನ ಹೆಸರನ್ನು ಹೊತ್ತ ಊರು ಅದು. ಶ್ರೀ ರಾಮಾನುಜಾಚಾರ್ಯರು ಅಲ್ಲಿಗೆ ಬಂದು ನೆಲಸಿದ್ದರೆಂದೂ, ಅವರ ಶಿಷ್ಯರಾದ ವಡುಗ ನಂಬಿಗಳು ಆ ಊರಿನವರೆಂದೂ ಸಂಪ್ರದಾಯವು ಹೇಳುತ್ತದೆ. ಆಚಾರ್ಯರ ಪಾದಸ್ಪರ್ಶದಿಂದ ಪವಿತ್ರವಾಯಿತೆಂಬ ತೀರ್ಥದ ಕೊಳವನ್ನು ಯಾತ್ರಿಕರು ಇಂದಿಗೂ ದರ್ಶಿಸುತ್ತಾರೆ. ಬಹುಕಾಲ ಕೃಷ್ಣರಾಜನಗರದ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕು ಕೇಂದ್ರವೆನಿಸಿದ ಈ ಊರಿನ ಸುತ್ತಲೂ ಕಾವೇರಿಯ ನಾಲೆಗಳು ಹರಿದು ಭತ್ತದ ಗದ್ದೆಗಳನ್ನು ತಣಿಸುತ್ತವೆ. ಹೀಗೆ ನೀರಿನ ಮಡಿಲಲ್ಲಿರುವ ಜನಕ್ಕೆ ನೀರಿನ ಕೊರತೆಯಿಂದ ಬರುವ ರೋಗವೇತಕ್ಕೆ ಎಂದು ಕೆಲವರು ಕೇಳಬಹುದು. ಗದ್ದೆಗೆ ಹರಿಯುವ ನೀರು ಬೇರೆ, ದುಡಿಯುವವನ ಹೊಟ್ಟೆಗೆ ಸೇರುವ ನೀರು ಬೇರೆ. ಬಿಸಿಲಲ್ಲಿ ನಾಟಿ, ಕಳೆ, ಕೊಯ್ಲುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡದೆ ದುಡಿಯುವ ಕೂಲಿಕಾರರು ಬೆವರಿನಲ್ಲಿ ಕಳೆದುಕೊಂಡಷ್ಟು ನೀರನ್ನು ಕುಡಿಯುವುದಿಲ್ಲ. ಹೊಲದ ಬಳಿ ಮರೆಯಿಲ್ಲದುದರಿಂದ ಹೆಂಗಸರಂತೂ ಬೇಕೆಂದೇ ನೀರನ್ನು ಬಿಡುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಗೆ ಹೋದರೆ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನುಗಳ ಕಾವಿನ ಬಳಿ ಹಗಲಿರುಳೂ ಕಾಯುವವರುಂಟು. ದೇಹದಲ್ಲಿ ನೀರು ಕಡಿಮೆಯಾದರೆ ಮೂತ್ರವು ಗಟ್ಟಿಯಾಗುತ್ತದೆ. ಅದರಲ್ಲಿ ಕರಗಿರಬೇಕಾದ ಲವಣಗಳು ಹರಳುಗಟ್ಟುತ್ತವೆ. ಹರಳು ಬೆಳೆದು ಕಲ್ಲಾಗುತ್ತದೆ. ಬಿಸಿಲಿನ ನಾಡುಗಳಲ್ಲಿಯೂ ಕಾವಿನ ಕಸಬುಗಳಲ್ಲಿಯೂ ಈ ರೋಗವು ಹೆಚ್ಚಾಗಿರುವುದಕ್ಕೆ ಇದೇ ಮುಖ್ಯ ಕಾರಣ.

ಮೂತ್ರಪಿಂಡದಿಂದ ಮೂತ್ರಾಶಯಕ್ಕೆ ಇಳಿಯುವ ನಾಳದ ಒಳಗಿನ ಅಗಲವು ಮೂರು ನಾಲ್ಕು ಮಿಲಿಮೀಟರುಗಳಷ್ಟೇ. ಅಕ್ಕಿಯ ಕಾಳಿನಷ್ಟು ಕಲ್ಲು ಅಲ್ಲಿ ಸಿಕ್ಕಿಕೊಂಡರೂ ಗಟ್ಟಿಮುಟ್ಟಾದ ಆಳು ನೆಲದ ಮೇಲೆ ಹೊರಳಾಡುವಂತಾಗುತ್ತದೆ. ಮೂತ್ರವು ಹಿಂದಕ್ಕೊತ್ತಿ ಪಿಂಡವು ಊದುತ್ತದೆ. ಅದರ ಮೇಲೆ ಸೋಂಕು ತಗುಲಿ ಚಳಿಜ್ವರ ಬಂದಿತೆಂದರೆ ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಅಪಾಯ. ನೋವು ತಾನಾಗಿ ನಿಂತರೂ ಕಲ್ಲು ಹೋಯಿತೆಂದು ನಂಬುವಂತಿಲ್ಲ. ಅಡ್ಡಿಯು ಮೌನವಾಗಿ ಮುಂದುವರಿದು ತಿಂಗಳುಗಳಲ್ಲಿ ಪಿಂಡವನ್ನೇ ಕೆಡಿಸಬಹುದು.

ಈ ರೋಗವು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯು ಇದನ್ನು ಅಶ್ಮರಿಯೆಂದು ಕರೆದು, ನಾಲ್ಕು ವಿಧಗಳಾಗಿ ವಿಂಗಡಿಸಿ, ಮೊದಲು ಔಷಧಗಳನ್ನೂ, ಅವು ಫಲಿಸದಿದ್ದಾಗ ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನೂ ವಿವರಿಸುತ್ತದೆ. ಶಸ್ತ್ರಕ್ರಿಯೆಯ ಫಲವು ಸಂಶಯಾಸ್ಪದವಾದುದರಿಂದ ಪ್ರಭುವಿನ ಅನುಮತಿಯನ್ನು ಪಡೆದೇ ಮುಂದುವರಿಯಬೇಕೆಂದು ಆ ಮಹಾವೈದ್ಯನು ವಿಧಿಸಿರುವುದು ಗಮನಾರ್ಹವಾದುದು. ಇಂದು ರಾಜರಿಲ್ಲ, ರೋಗಿಯೇ ಪ್ರಭು. ತನ್ನ ದೇಹದಲ್ಲಿ ಏನನ್ನು ಮಾಡಲಾಗುವುದು, ಏನನ್ನು ಉಳಿಸಲಾಗುವುದು ಎಂಬುದನ್ನು ಅವನಿಗೆ ಅವನ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯುವುದು ಆ ಪುರಾತನ ಧರ್ಮದ ಇಂದಿನ ರೂಪವೆಂದು ನಾವು ತಿಳಿಯುತ್ತೇವೆ.

ಈ ಕಾಲದ ಪ್ರಗತಿಯಾದರೋ ಐವತ್ತು ವರ್ಷಗಳ ಈಚಿನದು. ೧೯೭೬ರಲ್ಲಿ ಸ್ವೀಡನ್ ದೇಶದ ವೈದ್ಯರು ಬೆನ್ನಿನ ಕಡೆಯಿಂದ ಸಣ್ಣ ರಂಧ್ರವೊಂದನ್ನು ಮಾಡಿ ಮೂತ್ರಪಿಂಡದ ಕಲ್ಲನ್ನು ಹೊರತೆಗೆದ ವರದಿಯನ್ನು ಪ್ರಕಟಿಸಿದರು. ೧೯೮೦ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ದೇಹದ ಹೊರಗಿನಿಂದಲೇ ಆಘಾತದ ಅಲೆಗಳನ್ನು ಹಾಯಿಸಿ ಕಲ್ಲನ್ನು ಒಡೆಯುವ ವಿಧಾನವು ಮನುಷ್ಯರ ಮೇಲೆ ಮೊದಲು ಪ್ರಯೋಗವಾಯಿತು. ಲೇಸರಿನ ಕಥೆ ಇನ್ನೊಂದು. ಅದರ ತತ್ತ್ವವನ್ನು ಐನ್‌ಸ್ಟೈನರು ೧೯೧೭ರ ಸುಮಾರಿಗೇ ಸೂಚಿಸಿದ್ದರು. ೧೯೬೦ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಎಂಬವರು ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಕನ್ನು ಹೊರಡಿಸಿದರು. ಹಲವು ಬಗೆಯ ಲೇಸರುಗಳನ್ನು ಪರೀಕ್ಷಿಸಿ, ಕೊನೆಗೆ ೧೯೯೦ರ ದಶಕದಲ್ಲಿ ಹೋಲ್ಮಿಯಂ ಎಂಬ ಮೂಲವಸ್ತುವಿನಿಂದ ಬರುವ ಲೇಸರ್ ಈ ಕೆಲಸಕ್ಕೆ ನೆಲೆನಿಂತಿತು. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಅದು. ಮೂತ್ರದ್ವಾರದ ಮೂಲಕವೇ ತೆಳ್ಳನೆಯ ದರ್ಶಕನಳಿಕೆಯನ್ನು ಒಳಕ್ಕೆ ಸಾಗಿಸಿ, ಅದರೊಳಗಿಂದ ಗಾಜಿನ ತಂತುವನ್ನು ಹಾಯಿಸಿ, ಕಲ್ಲನ್ನು ಪರದೆಯ ಮೇಲೆ ನೋಡುತ್ತಲೇ ಬೆಳಕಿನ ಮಿಡಿತಗಳನ್ನು ಹಾಯಿಸಿದರೆ, ಆ ಬೆಳಕು ಕಾವಾಗಿ ಪರಿಣಮಿಸಿ ಕಲ್ಲು ಸಿಡಿದು ಪುಡಿಯಾಗುತ್ತದೆ. ನೀರು ಈ ಬೆಳಕನ್ನು ಬಹುಬೇಗ ಹೀರಿಕೊಳ್ಳುವುದರಿಂದ ತಂತುವಿನ ತುದಿಯಿಂದ ಅರ್ಧ ಮಿಲಿಮೀಟರಿನ ಆಚೆಗೆ ಅದರ ಪ್ರಭಾವವು ಅಷ್ಟಾಗಿ ಮುಟ್ಟುವುದಿಲ್ಲ. ನಿಪುಣರ ಕೈಯಲ್ಲಿ ನಾಳದ ಗೋಡೆಯು ಸುರಕ್ಷಿತವಾಗಿರುವುದಕ್ಕೆ ಇದೇ ರಹಸ್ಯ. ಈಚಿನ ವರ್ಷಗಳಲ್ಲಿ ಥೂಲಿಯಂ ಎಂಬ ಮತ್ತೊಂದು ಬಗೆಯ ಲೇಸರ್ ಬಂದು, ಕಲ್ಲನ್ನು ಇನ್ನೂ ಸೂಕ್ಷ್ಮವಾದ ಧೂಳಾಗಿಸುತ್ತಿದೆ.

ಆದರೂ ಲೇಸರ್ ಎಂಬ ಹೆಸರು ಕೇಳಿದೊಡನೆಯೇ ಮನೆಯ ಒಡವೆಯನ್ನು ಅಡವಿಡಲು ಓಡಬೇಕಾಗಿಲ್ಲ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಕಲ್ಲುಗಳಲ್ಲಿ ಬಹುಪಾಲು ನೀರು, ನೋವಿನ ಔಷಧ, ಕೆಲವು ವಾರಗಳ ತಾಳ್ಮೆ ಇಷ್ಟರಿಂದಲೇ ತಾವಾಗಿ ಹೊರಬೀಳುತ್ತವೆ. ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿ ಪಿಂಡದೊಳಗೆ ಬೇರೂರಿದ ಕಲ್ಲಿಗೆ ಬೆನ್ನಿನ ರಂಧ್ರದ ಮಾರ್ಗವೇ ಸಾಮಾನ್ಯವಾಗಿ ಉತ್ತಮ. ಇವೆರಡರ ನಡುವಣ ಕಲ್ಲುಗಳಿಗೂ, ನಾಳದಲ್ಲಿ ಸಿಕ್ಕಿ ಇಳಿಯದಿರುವ ಕಲ್ಲುಗಳಿಗೂ ಲೇಸರ್ ವಿಶೇಷವಾಗಿ ಸಲ್ಲುತ್ತದೆ. ಬಾಳೆದಿಂಡಿನ ರಸ, ಹುರುಳಿಯ ಕಟ್ಟುಗಳನ್ನು ನಾವು ಹಳಿಯುವುದಿಲ್ಲ. ಚಿಕ್ಕ ಕಲ್ಲು ತಾನಾಗಿ ಬಿದ್ದಾಗ ಅದರ ಕೀರ್ತಿಯನ್ನು ಅವು ಪಡೆದುಕೊಂಡಿವೆ. ಆದರೆ ನಾಳವನ್ನು ಕಟ್ಟಿಕೊಂಡ ದೊಡ್ಡ ಕಲ್ಲಿಗೆ ಅವನ್ನೇ ನಂಬಿ ತಿಂಗಳುಗಟ್ಟಲೆ ಕುಳಿತವನು ಪಿಂಡವನ್ನೇ ಕಳೆದುಕೊಳ್ಳಬಹುದು. ಕಳ್ಳು ಸಾರಾಯಿಗಳಿಂದ ಕಲ್ಲು ಕರಗುವುದೆಂಬುದಂತೂ ಕುಡುಕರ ಶಾಸ್ತ್ರವೇ ಹೊರತು ವೈದ್ಯಶಾಸ್ತ್ರವಲ್ಲ.

ಈಗ ನಳಿಕೆಯ ವಿಷಯಕ್ಕೆ ಬರೋಣ. ಲೇಸರ್ ಚಿಕಿತ್ಸೆಯಾದ ಮೇಲೆ ನಾಳವು ಊದಿಕೊಂಡು ಮತ್ತೆ ಮುಚ್ಚಿಹೋಗದಿರಲೆಂದೂ, ಪುಡಿಯು ಸುಗಮವಾಗಿ ಇಳಿಯಲೆಂದೂ, ವೈದ್ಯರು ಅನೇಕ ವೇಳೆ ಮೂತ್ರಪಿಂಡದಿಂದ ಮೂತ್ರಾಶಯದವರೆಗೆ ಒಂದು ಮೃದುವಾದ ನಳಿಕೆಯನ್ನು ಇಡುತ್ತಾರೆ. ಎರಡು ತುದಿಗಳೂ ಕೊಕ್ಕೆಯಂತೆ ಬಾಗಿರುವುದರಿಂದ ಇದಕ್ಕೆ ಡಬಲ್ ಜೆ ಸ್ಟೆಂಟ್ ಎಂದು ಹೆಸರು. ೧೯೭೮ರಿಂದ ಬಳಕೆಗೆ ಬಂದಿರುವ ಈ ಸಾಧನವು ಅಸಂಖ್ಯಾತ ರೋಗಿಗಳನ್ನು ಕಾಪಾಡಿದೆ. ಆದರೆ ಇದು ಅತಿಥಿ, ಮನೆಯ ಮಗನಲ್ಲ. ತೊಡಕಿಲ್ಲದ ಸಂದರ್ಭಗಳಲ್ಲಿ ಒಂದೆರಡು ವಾರಗಳಲ್ಲಿಯೂ, ಏನೇ ಆದರೂ ಸಾಮಾನ್ಯವಾಗಿ ಮೂರು ತಿಂಗಳೊಳಗೆಯೂ ಇದನ್ನು ತೆಗೆಯಬೇಕು ಇಲ್ಲವೆ ಬದಲಿಸಬೇಕು. ತೆಗೆಯುವುದು ಕೆಲವು ನಿಮಿಷಗಳ ಕೆಲಸ. ಹಾಗೆಯೇ ಬಿಟ್ಟರೆ, ಕಲ್ಲು ಕಟ್ಟುವ ಗುಣವುಳ್ಳ ದೇಹದಲ್ಲಿ ಆ ನಳಿಕೆಯ ಮೇಲೆಯೇ ಹೊಸ ಕಲ್ಲು ಪದರಪದರವಾಗಿ ಕಟ್ಟುತ್ತದೆ. ನಳಿಕೆಯು ಪೆಡಸಾಗಿ ಮುರಿಯುವುದೂ ಉಂಟು. ಕೆಲವು ನಿಮಿಷಗಳಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ಆಮೇಲೆ ಎರಡು ಮೂರು ಶಸ್ತ್ರಚಿಕಿತ್ಸೆಗಳು ಬೇಕಾಗುತ್ತವೆ. ಕೆಲವರ ಪಿಂಡವು ಅಷ್ಟರಲ್ಲಿ ಸತ್ತೇ ಹೋಗಿರುತ್ತದೆ. ಹೀಗೆ ಮರೆತುಹೋದ ನಳಿಕೆಗಳ ವಿಷಯವು ಮೂತ್ರರೋಗತಜ್ಞರೆಲ್ಲರಿಗೂ ಚೆನ್ನಾಗಿ ತಿಳಿದಿರುವ, ಅವರು ತಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಬರೆದು ಎಚ್ಚರಿಸುತ್ತಿರುವ ಸಂಗತಿಯೇ ಆಗಿದೆ.

ನಳಿಕೆಯನ್ನು ಯಾರಾದರೂ ಮರೆಯುವುದು ಹೇಗೆ ಎಂದು ಪಟ್ಟಣದ ವಾಚಕರು ಆಶ್ಚರ್ಯಪಡಬಹುದು. ಸಾಲಿಗ್ರಾಮದ ಆಸುಪಾಸಿನ ಒಬ್ಬ ಕೂಲಿಗಾರನನ್ನು ಮನಸ್ಸಿಗೆ ತಂದುಕೊಳ್ಳಿರಿ. ನೋವಿನಿಂದ ಒದ್ದಾಡುತ್ತ ಅವನು ಮೈಸೂರಿಗೆ ಹೋದನು. ಸಾಲ ಮಾಡಿ ಚಿಕಿತ್ಸೆ ಮಾಡಿಸಿಕೊಂಡನು. ಬಿಡುಗಡೆಯ ದಿನ ಅವನ ಕೈಗೆ ಬಂದ ಕಾಗದವು ಇಂಗ್ಲಿಷಿನಲ್ಲಿದೆ. ಎರಡು ವಾರ ಬಿಟ್ಟು ಬನ್ನಿ ಎಂದು ಯಾರೋ ಬಾಯಲ್ಲಿ ಹೇಳಿದ್ದನ್ನು ಅವನು ಸಾಮಾನ್ಯವಾದ ತಪಾಸಣೆಯೆಂದು ತಿಳಿದನು. ಮೈಯಲ್ಲಿ ವಸ್ತುವೊಂದು ಉಳಿದಿದೆಯೆಂಬುದೇ ಅವನಿಗೆ ಗೊತ್ತಿಲ್ಲ. ಊರಿಗೆ ಬಂದ ಮೇಲೆ ನೋವು ನಿಂತಿತು. ಮೂತ್ರದಲ್ಲಿ ಉರಿಯೂ ಆಗಾಗ ಕೆಂಪು ಬಣ್ಣವೂ ಕಾಣಿಸಿದರೆ, ಚಿಕಿತ್ಸೆಯ ಕಾವೆಂದು ಎಳನೀರು ಕುಡಿದು ಸಮಾಧಾನಪಟ್ಟನು. ಅಷ್ಟರಲ್ಲಿ ನಾಟಿಯ ಕಾಲ ಬಂದಿತು. ಹೋಗಿಬರುವ ಖರ್ಚು, ಒಂದು ದಿನದ ಕೂಲಿಯ ನಷ್ಟ, ಜೊತೆಗೆ ಬರುವವರ ಕೂಲಿಯ ನಷ್ಟ, ನಳಿಕೆ ತೆಗೆಯುವುದಕ್ಕೆ ಪ್ರತ್ಯೇಕವಾದ ಶುಲ್ಕವೆಂದರಂತೂ ಮುಗಿದೇ ಹೋಯಿತು. ನಾಳೆ ನಾಡಿದ್ದು ಎಂದು ವರ್ಷವೇ ಕಳೆಯುತ್ತದೆ.

ಇದು ರೋಗಿಯ ಅಲಕ್ಷ್ಯವೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ನಾವು ಈ ವಾದವನ್ನು ಒಪ್ಪಲಾರೆವು. ತಿಳಿದೂ ಮಾಡದವನದು ಅಲಕ್ಷ್ಯ. ತಿಳಿಸದೆಯೇ ಬಿಡಲ್ಪಟ್ಟವನದು ಅಲಕ್ಷ್ಯವಲ್ಲ, ಅನಾಥತೆ. ವೈದ್ಯರನ್ನು ಮಾತ್ರವೇ ದೂಷಿಸುವುದೂ ನ್ಯಾಯವಲ್ಲ. ದಿನಕ್ಕೆ ನೂರಾರು ಮಂದಿಯನ್ನು ನೋಡುವ ಸರ್ಕಾರಿ ಆಸ್ಪತ್ರೆಯ ತಜ್ಞನು ಪ್ರತಿಯೊಬ್ಬನ ಊರಿಗೂ ಆಳನ್ನು ಕಳುಹಿಸಲು ಸಾಧ್ಯವೆ? ಕಿರಣವನ್ನು ಹಾಯಿಸುವವರೆಗಿನ ಏರ್ಪಾಡು ಈ ನಾಡಿನಲ್ಲಿದೆ; ರೋಗಿಯು ಮನೆಗೆ ಹಿಂದಿರುಗಿದ ಮೇಲಿನ ಏರ್ಪಾಡು ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗಿದೆ.

ಏನು ಮಾಡಬೇಕೆಂಬುದು ಕಷ್ಟದ ಪ್ರಶ್ನೆಯಲ್ಲ. ಮೊದಲನೆಯದಾಗಿ, ನಳಿಕೆಯನ್ನಿಟ್ಟ ಪ್ರತಿಯೊಂದು ಆಸ್ಪತ್ರೆಯೂ, ಅದು ಸರ್ಕಾರದ್ದಾಗಲಿ ಖಾಸಗಿಯದಾಗಲಿ, ರೋಗಿಯ ಹೆಸರು, ಊರು, ಇಟ್ಟ ದಿನ, ತೆಗೆಯಬೇಕಾದ ದಿನ ಇವನ್ನು ಕಡ್ಡಾಯವಾಗಿ ದಾಖಲು ಮಾಡಿ ರೋಗಿಯ ತಾಲ್ಲೂಕಿನ ಆಸ್ಪತ್ರೆಗೆ ತಿಳಿಸಬೇಕು. ಎರಡನೆಯದಾಗಿ, ಬಿಡುಗಡೆಯ ದಿನ ಪ್ರತಿಯೊಬ್ಬನ ಕೈಗೂ ದಪ್ಪ ಅಕ್ಷರದ ಕನ್ನಡದ ಚೀಟಿಯೊಂದನ್ನು ಕೊಡಬೇಕು: ನಿಮ್ಮ ಮೈಯೊಳಗೆ ನಳಿಕೆಯಿದೆ, ಇಂಥ ದಿನದೊಳಗೆ ತೆಗೆಯಿಸಿರಿ ಎಂದು ಅದರಲ್ಲಿ ಬರೆದಿದ್ದರೆ ಸಾಕು. ಮೂರನೆಯದಾಗಿ, ದಿನ ಮೀರಿದವರ ಪಟ್ಟಿಯು ಆಶಾ ಕಾರ್ಯಕರ್ತೆಯರ ಕೈಸೇರಬೇಕು. ಗರ್ಭಿಣಿಗೆ ತಾಯಿಕಾರ್ಡನ್ನು ಕೊಟ್ಟು ಮಗುವಿನ ಪ್ರತಿಯೊಂದು ಚುಚ್ಚುಮದ್ದಿನ ದಿನವನ್ನೂ ನೆನಪಿಡುವ, ಕ್ಷಯರೋಗಿಯ ಔಷಧದ ಲೆಕ್ಕವನ್ನು ಹಳ್ಳಿಹಳ್ಳಿಯಲ್ಲಿಯೂ ಇಡುವ ಸರ್ಕಾರಕ್ಕೆ ಇದೊಂದು ಹೊರೆಯೇ ಅಲ್ಲ. ಈ ಹೆಚ್ಚಿನ ಕೆಲಸಕ್ಕೆ ತಕ್ಕ ಪ್ರತಿಫಲವನ್ನು ಆ ಸೋದರಿಯರಿಗೆ ಕೊಡಬೇಕೆಂಬುದನ್ನು ಮಾತ್ರ ಮರೆಯಬಾರದು.

ನಾಲ್ಕನೆಯದು ಹಣದ ಮಾತು. ೨೦೧೮ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ಗೆರೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಕಲ್ಲಿನ ಚಿಕಿತ್ಸೆಗೆ ಗೊತ್ತುಮಾಡುವ ಮೊತ್ತದಲ್ಲಿಯೇ ನಳಿಕೆಯನ್ನು ತೆಗೆಯುವ ಖರ್ಚೂ ಸೇರಿರಬೇಕು. ನಳಿಕೆಯು ಹೊರಬಂದ ದಾಖಲೆಯನ್ನು ಒಪ್ಪಿಸಿದ ಮೇಲೆಯೇ ಕಡೆಯ ಕಂತು ಆಸ್ಪತ್ರೆಗೆ ಸಲ್ಲಬೇಕು. ಹೀಗೆ ಮಾಡಿದರೆ ರೋಗಿಯನ್ನು ಹುಡುಕಿಕೊಂಡು ಬರುವ ಕಾಳಜಿಯು ಆಸ್ಪತ್ರೆಗಳಲ್ಲಿ ತಾನಾಗಿಯೇ ಹುಟ್ಟುವುದು. ಯೋಜನೆಯ ಹೊರಗೆ ಹಣ ತೆರುವವರಿಗೂ ರಕ್ಷಣೆ ಬೇಕು. ಖಾಸಗಿ ಆಸ್ಪತ್ರೆಗಳು ತಮ್ಮ ದರಗಳನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕೆಂಬುದು ೨೦೦೭ರ ರಾಜ್ಯ ಕಾನೂನಿನ ಆಶಯ. ಆ ಫಲಕದಲ್ಲಿ ಲೇಸರಿನ ದರದ ಪಕ್ಕದಲ್ಲಿಯೇ ನಳಿಕೆ ಇಡುವ, ತೆಗೆಯುವ ದರಗಳೂ ಕನ್ನಡದಲ್ಲಿ ಇರಲಿ.

ಐದನೆಯದಾಗಿ, ನಳಿಕೆಯನ್ನು ತೆಗೆಯಿಸುವುದಕ್ಕಾಗಿ ರೋಗಿಯು ದೂರದ ನಗರಕ್ಕೇ ಹೋಗಬೇಕೆಂಬ ನಿರ್ಬಂಧವು ತಪ್ಪಬೇಕು. ನಳಿಕೆಯು ಮೈಯೊಳಗಿದೆಯೇ ಎಂಬುದು ಸಾಮಾನ್ಯವಾದ ಕ್ಷಕಿರಣದ ಚಿತ್ರದಲ್ಲಿಯೇ ಕಾಣುತ್ತದೆ. ಅದನ್ನು ತೆಗೆಯಲು ಮೂತ್ರಾಶಯದ ದರ್ಶಕಯಂತ್ರ, ಮರಗಟ್ಟಿಸುವ ಔಷಧ, ತರಬೇತಾದ ಕೈ ಇಷ್ಟಿದ್ದರೆ ಸಾಕು. ಲೇಸರ್ ಯಂತ್ರ ಬೇಕಾಗಿಲ್ಲ. ತಜ್ಞರೊಬ್ಬರು ಹದಿನೈದು ದಿನಗಳಿಗೊಮ್ಮೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಆಸ್ಪತ್ರೆಗಳಿಗೆ ಸರದಿಯಂತೆ ಬಂದರೆ ಸುತ್ತಲಿನ ಹಳ್ಳಿಗಳ ಕಾರ್ಯವೆಲ್ಲ ನೆರವೇರುವುದು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜೂ, ಅದರ ಕೃಷ್ಣರಾಜೇಂದ್ರ ಆಸ್ಪತ್ರೆಯೂ ಈ ಸೀಮೆಯ ಹಳ್ಳಿಗರಿಗೆ ತಲೆಮಾರುಗಳಿಂದ ಆಸರೆಯಾಗಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರರೋಗಗಳಿಗಾಗಿಯೇ ಮೀಸಲಾದ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಈ ಸಂಸ್ಥೆಗಳ ಜ್ಞಾನವು ತಾಲ್ಲೂಕುಗಳತ್ತ ನಡೆದುಬರಬೇಕೆಂಬುದಷ್ಟೇ ನಮ್ಮ ಬೇಡಿಕೆ.

ಹಳ್ಳಿಗಾಡಿನಲ್ಲಿ ಇಂತಹುದು ಸಾಧ್ಯವೆ ಎಂದು ಅನುಮಾನಪಡುವವರಿಗೆ ಎರಡು ದೃಷ್ಟಾಂತಗಳನ್ನು ಹೇಳುತ್ತೇವೆ. ಸರ್ದಾರ್ ವಲ್ಲಭಭಾಯಿ ಪಟೇಲರು ಜನಿಸಿದ ಗುಜರಾತಿನ ನಡಿಯಾದ್ ಮಹಾನಗರವೇನೂ ಅಲ್ಲ. ಅಲ್ಲಿ ೧೯೭೮ರಲ್ಲಿ ಸ್ಥಾಪಿತವಾದ ಮೂಲ್ಜಿಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯು ಇಂದು ಕಲ್ಲಿನ ಚಿಕಿತ್ಸೆಯಲ್ಲಿ ಜಗತ್ತಿನ ವೈದ್ಯರಿಗೇ ಪಾಠ ಹೇಳುವಷ್ಟು ಬೆಳೆದಿದೆ. ನಮ್ಮ ಹೆಗ್ಗಡದೇವನಕೋಟೆಯ ಕಡೆಯಲ್ಲಿಯೇ, ೧೯೮೪ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಹುಟ್ಟುಹಾಕಿದ ಸ್ವಾಮಿ ವಿವೇಕಾನಂದ ಯುವ ಚಳವಳಿಯು ಕಾಡಂಚಿನ ಗಿರಿಜನರ ಬಳಿಗೇ ಆಸ್ಪತ್ರೆಯನ್ನು ಕೊಂಡೊಯ್ದು ಸರಗೂರಿನಲ್ಲಿ ಸೇವೆ ನಡೆಸುತ್ತಿದೆ. ಮನಸ್ಸಿದ್ದಲ್ಲಿ ಮಾರ್ಗವುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸ್ವದೇಶಿಯ ದೃಷ್ಟಿಯಿಂದಲೂ ಒಂದು ಮಾತು. ಬೆಳಕಿನ ವಿಜ್ಞಾನದಲ್ಲಿ ನಾವು ಯಾರಿಗೂ ಹಿಂದುಳಿದವರಲ್ಲ. ೧೯೨೮ರಲ್ಲಿ ಸರ್ ಸಿ. ವಿ. ರಾಮನ್ ಅವರು ಕಂಡುಹಿಡಿದ ಪರಿಣಾಮವೇ ಇಂದು ಮೂತ್ರದ ಕಲ್ಲು ಯಾವ ದ್ರವ್ಯದಿಂದಾಯಿತೆಂಬುದನ್ನು ಪರೀಕ್ಷಿಸುವ ವಿಧಾನಗಳಲ್ಲೊಂದಾಗಿದೆ. ೧೯೬೪ರಲ್ಲಿ ಇಂಗಾಲಾಮ್ಲದ ಲೇಸರನ್ನು ನಿರ್ಮಿಸಿದ ಕುಮಾರ್ ಪಟೇಲರು ಬಾರಾಮತಿಯಲ್ಲಿ ಹುಟ್ಟಿದವರು. ಇಂದೂರಿನಲ್ಲಿರುವ ರಾಷ್ಟ್ರದ ಲೇಸರ್ ಸಂಶೋಧನ ಕೇಂದ್ರವು ನಮ್ಮ ಕನ್ನಡನಾಡಿನವರೇ ಆದ ರಾಜಾ ರಾಮಣ್ಣನವರ ಹೆಸರನ್ನು ಹೊತ್ತಿದೆ. ಇಷ್ಟಾದರೂ ವೈದ್ಯಕೀಯ ಉಪಕರಣಗಳ ಬಹುಭಾಗಕ್ಕೆ ಭರತಖಂಡವು ಇಂದಿಗೂ ಪರದೇಶಗಳ ಮುಖವನ್ನೇ ನೋಡುತ್ತಿರುವುದು ವಿಷಾದದ ಸಂಗತಿ. ಯಂತ್ರದ ಬೆಲೆಯು ಕೊನೆಗೆ ರೋಗಿಯ ತಲೆಯ ಮೇಲೆಯೇ ಬೀಳುತ್ತದೆ. ಒಳ್ಳೆಯ ಲೇಸರ್ ಯಂತ್ರವೂ, ತಂತುವೂ, ನಳಿಕೆಯೂ ಈ ನೆಲದಲ್ಲಿಯೇ ತಯಾರಾಗಿ ಅಗ್ಗವಾಗುವಂತೆ ಸರ್ಕಾರದವರೂ ಉದ್ಯಮಿಗಳೂ ಪ್ರಯತ್ನಿಸಬೇಕು.

ಮಹಾಜನರಿಗೂ ಕರ್ತವ್ಯವುಂಟು. ಒಮ್ಮೆ ಕಲ್ಲು ಕಟ್ಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹತ್ತು ವರ್ಷಗಳೊಳಗೆ ಮತ್ತೆ ಕಟ್ಟುತ್ತದೆ. ಲೇಸರ್ ಇದನ್ನು ತಡೆಯಲಾರದು, ನೀರು ಬಹುಮಟ್ಟಿಗೆ ತಡೆಯಬಲ್ಲುದು. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರವು ಹೋಗುವಷ್ಟು ನೀರನ್ನು ಕುಡಿಯಬೇಕು, ಉಪ್ಪನ್ನು ತಗ್ಗಿಸಬೇಕು. ಸುಣ್ಣದ ಅಂಶವಿದೆಯೆಂದು ಹಾಲು ಮೊಸರನ್ನು ಬಿಡಬೇಕಾಗಿಲ್ಲ. ಗದ್ದೆಯ ಯಜಮಾನರೂ ಬ್ಯಾರನ್ನುಗಳ ಒಡೆಯರೂ ಆಳುಗಳ ಬಳಿ ಕುಡಿಯುವ ನೀರಿನ ಕೊಡವನ್ನೂ ಹೆಂಗಸರಿಗೆ ಒಂದು ಮರೆಯನ್ನೂ ಒದಗಿಸುವುದು ದಾನವಲ್ಲ, ಋಣ. ಚಿಕಿತ್ಸೆ ಮಾಡಿಸಿಕೊಂಡವರು ಆಸ್ಪತ್ರೆಯಿಂದ ಹೊರಡುವ ಮೊದಲು, ನನ್ನ ಮೈಯೊಳಗೆ ನಳಿಕೆಯಿಟ್ಟಿದ್ದೀರಾ, ಎಂದು ತೆಗೆಯುವಿರಿ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಹೊರಡಬಾರದು. ಅಂತೆಯೇ, ಈ ಲೇಖನವನ್ನು ಓದುವವರು ತಮ್ಮ ಮನೆಯಲ್ಲಿಯೂ ನೆರೆಯಲ್ಲಿಯೂ ಹಿಂದೆ ಈ ಚಿಕಿತ್ಸೆ ಮಾಡಿಸಿಕೊಂಡವರನ್ನು ಇಂದೇ ವಿಚಾರಿಸಲಿ. ಸಂಶಯವಿದ್ದಲ್ಲಿ ಹತ್ತಿರದ ಆಸ್ಪತ್ರೆಯಲ್ಲಿ ಒಂದು ಕ್ಷಕಿರಣದ ಚಿತ್ರವನ್ನು ತೆಗೆಯಿಸಲಿ.

ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳು ಬರುವ ಅಧಿವೇಶನದಲ್ಲಿ ನಳಿಕೆಗಳ ದಾಖಲೆಯ ವಿಷಯವನ್ನು ಎತ್ತುವರೆಂದು ನಂಬುತ್ತೇವೆ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ, ಹೂಮಾಲೆಯೂ ಬೇಡ. ಒಂದು ಪುಸ್ತಕ, ಒಂದು ಚೀಟಿ, ನೆನಪಿಸುವ ಒಂದು ಬಾಯಿ ಇಷ್ಟು ಸಾಕು. ಗದ್ದೆಯ ಕೆಸರಿನಲ್ಲಿ ನಿಂತು ನಮ್ಮೆಲ್ಲರ ಅನ್ನವನ್ನು ಬೆಳೆಯುವವನು ವಾಸಿಯಾದೆನೆಂದು ನಂಬಿ ಮೂತ್ರಪಿಂಡವನ್ನು ಕಳೆದುಕೊಳ್ಳುವಂತಾಗಬಾರದು. ಸರ್ಕಾರದವರು ಈ ಸಣ್ಣ ಕಾರ್ಯವನ್ನು ವಿಳಂಬವಿಲ್ಲದೆ ಕೈಗೊಳ್ಳಲೆಂದು ಆಗ್ರಹಪೂರ್ವಕವಾಗಿ ಪ್ರಾರ್ಥಿಸುತ್ತೇವೆ.